ದಪ್ಪ ಮಗು, ಗಿಡ್ಡ ಉಸಿರು



ಮಗು ಗುಂಡುಗುಂಡಾಗಿದ್ದರೆ ನಮ್ಮ ಆದವಾನಿ ಸೀಮೆಯಲ್ಲಿ ಎಲ್ಲರಿಗೂ ಸಂತೋಷ. "ಮೈಕೈ ತುಂಬಿಕೊಂಡಿದ್ದಾನೆ, ಯಾರ ಕಣ್ಣೂ ಬೀಳದಿರಲಿ" ಎಂದು ಅಜ್ಜಿಯಂದಿರು ಹೇಳುತ್ತಾರೆ. ಈ ಸಂತೋಷಕ್ಕೆ ಕಾರಣವೂ ಇದೆ. ನಮ್ಮದು ಬರದ ಸೀಮೆ. 1876-78ರ ಧಾತು ಈಶ್ವರ ಬರದಲ್ಲಿ, ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ಆಲೂರು ಕಡೆಯ ಜನ ಅನ್ನವಿಲ್ಲದೆ ಸತ್ತರು, ಊರು ಬಿಟ್ಟು ಹೋದರು. ಇಂದಿಗೂ ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳ ಕಡೆಯಿಂದ ಸಂಸಾರಗಳು ಗುಳೆ ಹೋಗುತ್ತವೆ. ಹಸಿವು ಕಂಡ ಮನೆಯಲ್ಲಿ ಮಗುವಿನ ತುಂಬಿದ ಕೆನ್ನೆ ಭಾಗ್ಯದ ಗುರುತು.

ಆದರೆ ಕಾಲ ಬದಲಾಗಿದೆ. ಒಂದೇ ಬೀದಿಯಲ್ಲಿ ಸೊರಗಿದ ಮಗುವೂ ಇದೆ, ತೂಕ ಮೀರಿದ ಮಗುವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಸಮೀಕ್ಷೆಯಲ್ಲಿ ತೂಕ ಮೀರಿದ ಮಕ್ಕಳು ನೂರಕ್ಕೆ 3.4. ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಇದು 2.1 ಆಗಿತ್ತು. ಸಂಖ್ಯೆ ಇನ್ನೂ ಚಿಕ್ಕದು, ಆದರೆ ಏರುತ್ತಿದೆ.

ಹೆಚ್ಚು ತೂಕದಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬರುತ್ತದೆಂದು ನಾವೆಲ್ಲ ಕೇಳಿದ್ದೇವೆ. ಅದು ಮಗುವಿನ ಉಸಿರನ್ನೂ ಕಟ್ಟುತ್ತದೆ ಎಂಬುದನ್ನು ತಿಳಿದವರು ಕಡಿಮೆ. ಈ ಸಲ ಆ ವಿಷಯವನ್ನು ತಿಳಿದುಕೊಳ್ಳೋಣ.

ತೂಕ ಉಸಿರನ್ನು ಹೇಗೆ ಕಟ್ಟುತ್ತದೆ?

ಎಳೆಯ ಹಸಿ ಮೇವನ್ನು ಅತಿಯಾಗಿ ತಿಂದ ಎತ್ತಿಗೆ ಹೊಟ್ಟೆ ಉಬ್ಬರ ಬರುವುದನ್ನು ರೈತರು ನೋಡಿದ್ದೀರಿ. ಎಡಪಕ್ಕೆ ಊದಿಕೊಳ್ಳುತ್ತದೆ, ಎತ್ತು ನಾಲಗೆ ಚಾಚಿ ಏದುಸಿರು ಬಿಡುತ್ತದೆ. ರೋಗ ಹೊಟ್ಟೆಯದು, ಕಷ್ಟ ಮಾತ್ರ ಉಸಿರಿಗೆ. ಏಕೆಂದರೆ ಹೊಟ್ಟೆಗೂ ಎದೆಗೂ ನಡುವೆ ವಪೆ ಎಂಬ ಮಾಂಸದ ತೆರೆ ಇದೆ. ಉಸಿರು ಎಳೆದಾಗ ಅದು ಕೆಳಗೆ ಇಳಿದು ಶ್ವಾಸಕೋಶಕ್ಕೆ ಜಾಗ ಕೊಡಬೇಕು. ಕೆಳಗಿನಿಂದ ಹೊಟ್ಟೆ ಒತ್ತಿದರೆ ಅದು ಇಳಿಯುವುದು ಹೇಗೆ?

ತೂಕ ಮೀರಿದ ಮಗುವಿನಲ್ಲಿ ನಡೆಯುವುದೂ ಇಂಥದೇ, ಆದರೆ ನಿಧಾನವಾಗಿ. ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೆ ಒತ್ತುತ್ತದೆ, ಎದೆಯ ಮೇಲಿನ ಕೊಬ್ಬು ಪಕ್ಕೆಗಳ ಮೇಲೆ ಭಾರ ಹಾಕುತ್ತದೆ. ಶ್ವಾಸಕೋಶ ಬಿಡಿ ಅರಳೆಯ ಹಾಗೆ, ಒಳಗೆಲ್ಲ ಗಾಳಿ. ಅದೇ ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ ಬೇಲು ಕಟ್ಟಿದರೆ ಗಾಳಿ ಎಲ್ಲಿ ಉಳಿಯುತ್ತದೆ? ಹಾಗೆಯೇ, ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯಬೇಕಾದ ಗಾಳಿ ಇಂಥ ಮಕ್ಕಳಲ್ಲಿ ಕಡಿಮೆಯಾಗುತ್ತದೆ. ಸಣ್ಣ ಗಾಳಿಕೊಳವೆಗಳು ಬೇಗ ಮುಚ್ಚಿಕೊಳ್ಳುತ್ತವೆ. ಮಗು ಗಿಡ್ಡ ಉಸಿರನ್ನು ಬೇಗ ಬೇಗ ಎಳೆಯುತ್ತದೆ. ಮಲಗಿದಾಗ ಕಷ್ಟ ಇನ್ನೂ ಹೆಚ್ಚು.

ಎರಡನೆಯದು, ಕೊಳವೆಗಳ ಅಗಲ. ದಪ್ಪ ಮಕ್ಕಳ ಶ್ವಾಸಕೋಶ ಕೆಲವೊಮ್ಮೆ ಗಾತ್ರದಲ್ಲಿ ಇತರರಿಗಿಂತ ದೊಡ್ಡದೇ ಇರುತ್ತದೆ. ಆದರೆ ಗಾಳಿಕೊಳವೆಗಳು ಆ ಗಾತ್ರಕ್ಕೆ ತಕ್ಕಷ್ಟು ಅಗಲವಾಗಿರುವುದಿಲ್ಲ ಎಂದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಕೆರೆ ದೊಡ್ಡದು, ತೂಬು ಸಣ್ಣದು ಎಂಬಂತೆ. ಒಳಗೆ ಗಾಳಿ ಇದ್ದರೂ ಬೇಗ ಹೊರಗೆ ಬಾರದು. ಓಡಿದಾಗ, ಮೆಟ್ಟಿಲು ಹತ್ತಿದಾಗ ಇದು ಗೊತ್ತಾಗುತ್ತದೆ.

ಮೂರನೆಯದು, ಕೊಬ್ಬಿನ ಸ್ವಂತ ಕೆಲಸ. ಕೊಬ್ಬು ಸುಮ್ಮನೆ ಬಿದ್ದಿರುವ ಪದಾರ್ಥವಲ್ಲ. ಅತಿಯಾದಾಗ ಅದು ಕೆಲವು ರಸಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ದೇಹದಲ್ಲೆಲ್ಲ ಸಣ್ಣ ಉರಿಯೂತವನ್ನು ಆರದಂತೆ ಇಡುತ್ತವೆ. ಗಾಳಿಕೊಳವೆಗಳಿಗೂ ಅದರ ಬಿಸಿ ತಟ್ಟುತ್ತದೆ.

ಉಬ್ಬಸಕ್ಕೂ ತೂಕಕ್ಕೂ ನಂಟು

ಉಬ್ಬಸ ಅಥವಾ ಅಸ್ತಮಾ ಬಡಕಲು ಮಕ್ಕಳ ರೋಗವೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅಮೆರಿಕದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಿಯಾದ ತೂಕದ ಮಕ್ಕಳಿಗಿಂತ ಬೊಜ್ಜಿನ ಮಕ್ಕಳಲ್ಲಿ ಹೊಸದಾಗಿ ಅಸ್ತಮಾ ಬರುವುದು ಸುಮಾರು ಕಾಲುಭಾಗ ಹೆಚ್ಚೆಂದು ಕಂಡುಬಂದಿತು. ಈಗಾಗಲೇ ಅಸ್ತಮಾ ಇರುವ ಮಗುವಿಗೆ ತೂಕವೂ ಹೆಚ್ಚಿದ್ದರೆ ರೋಗ ಪದೇಪದೇ ಕೆರಳುತ್ತದೆ, ಔಷಧವೂ ಹಿಡಿಯಬೇಕಾದಷ್ಟು ಹಿಡಿಯುವುದಿಲ್ಲ.

ಇಲ್ಲಿ ಒಂದು ಗಾಣದ ಸುತ್ತು ಇದೆ. ಮಗುವಿಗೆ ಏದುಸಿರು ಬರುತ್ತದೆ, ಆದ್ದರಿಂದ ಆಟ ಬಿಡುತ್ತದೆ. ಆಟ ಬಿಟ್ಟಿದ್ದರಿಂದ ತೂಕ ಏರುತ್ತದೆ. ತೂಕ ಏರಿದ್ದರಿಂದ ಏದುಸಿರು ಹೆಚ್ಚುತ್ತದೆ. "ಓಡಬೇಡ, ದಮ್ಮು ಬರುತ್ತದೆ" ಎಂದು ಕೂರಿಸಿದ ನಮ್ಮ ಪ್ರೀತಿಯೇ ಆ ಗಾಣವನ್ನು ತಿರುಗಿಸುತ್ತದೆ.

ಇನ್ನೊಂದು ಮಾತು. ಉಬ್ಬಸ ಬಂದಾಗಲೆಲ್ಲ ಹಳ್ಳಿಯಲ್ಲಿ ಸ್ಟೆರಾಯ್ಡ್ ಸೂಜಿ ಅಥವಾ ಮಾತ್ರೆ ಕೊಡಿಸುವ ರೂಢಿ ಇದೆ. ಜೋರಾಗಿ ಕೆರಳಿದಾಗ ಡಾಕ್ಟರು ಕೆಲವು ದಿನಗಳಿಗೆ ಕೊಟ್ಟರೆ ಅದು ಜೀವ ಉಳಿಸುವ ಔಷಧವೇ ಸರಿ. ಆದರೆ ತಿಂಗಳು ತಿಂಗಳೂ ಅದನ್ನೇ ನಂಬಿದರೆ ಹಸಿವು ಹೆಚ್ಚುತ್ತದೆ, ಮುಖ ಊದುತ್ತದೆ, ತೂಕ ಏರುತ್ತದೆ. ಇನ್‌ಹೇಲರ್ ಹಾಗಲ್ಲ. ಮಾತ್ರೆಯ ಔಷಧವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದರೆ, ಇನ್‌ಹೇಲರಿನದನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ, ಅಂದರೆ ಮಿಲಿಗ್ರಾಮಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ಅದು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಇನ್‌ಹೇಲರ್ ಹಿಡಿದರೆ ಚಟವಾಗುತ್ತದೆ ಎಂಬ ಮಾತು ನಿಜವಲ್ಲ. ಆದರೆ ಬಹಳ ದಿನಗಳಿಂದ ನಡೆಯುತ್ತಿರುವ ಸ್ಟೆರಾಯ್ಡ್ ಮಾತ್ರೆಯನ್ನು ನೀವಾಗಿಯೇ ಒಮ್ಮೆಲೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿಯೇ ಇಳಿಸಬೇಕು.

ಗೊರಕೆ ಒಳ್ಳೆಯ ನಿದ್ದೆಯ ಗುರುತಲ್ಲ

"ಎಷ್ಟು ಚೆನ್ನಾಗಿ ಗೊರಕೆ ಹೊಡೆಯುತ್ತಾನೆ, ಒಳ್ಳೆಯ ನಿದ್ದೆ" ಎಂದು ನಗುವವರಿದ್ದಾರೆ. ನೆಗಡಿ ಬಂದಾಗ ಎರಡು ದಿನ ಗೊರೆದರೆ ಚಿಂತೆಯಿಲ್ಲ. ಆದರೆ ದಿನವೂ ಗೊರೆಯುವ ಮಗುವಿನ ಗಂಟಲಲ್ಲಿ ಗಾಳಿಯ ದಾರಿ ಕಿರಿದಾಗಿದೆ ಎಂದೇ ತಿಳಿಯಬೇಕು. ಮಕ್ಕಳಲ್ಲಿ ಇದಕ್ಕೆ ಮುಖ್ಯ ಕಾರಣ ಗಂಟಲ ಮತ್ತು ಮೂಗಿನ ಹಿಂದಿನ ಗಂಟುಗಳು ಬೆಳೆದಿರುವುದು. ಕುತ್ತಿಗೆಯ ಕೊಬ್ಬು ಅದಕ್ಕೆ ಸೇರಿಕೊಂಡರೆ ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ನಿಂತೇ ಹೋಗುತ್ತದೆ. ಮಗು ಬೆಚ್ಚಿ, ಮಗ್ಗುಲು ಬದಲಿಸಿ, ಮತ್ತೆ ಉಸಿರೆಳೆಯುತ್ತದೆ. ಬೆಳಗ್ಗೆ ಎದ್ದಾಗ ತಲೆನೋವು, ಶಾಲೆಯಲ್ಲಿ ತೂಕಡಿಕೆ, ಸಿಡುಕು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಇವೆಲ್ಲ ಅದರ ಗುರುತುಗಳು. ಅಂಥ ಮಗುವನ್ನು ದಡ್ಡನೆಂದೋ ಸೋಮಾರಿಯೆಂದೋ ಹೊಡೆಯುವ ಮುನ್ನ ಒಂದು ರಾತ್ರಿ ಪಕ್ಕದಲ್ಲಿ ಎಚ್ಚರವಿದ್ದು ಅದರ ಉಸಿರನ್ನು ಕೇಳಿ ನೋಡಿರಿ.

ತೂಕ ಒಂದೇ ಕಾರಣವಲ್ಲ

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಅಲ್ಲಿ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿದ್ದ ಅಸ್ತಮಾ 1999ರಲ್ಲಿ 29.5 ಮಕ್ಕಳಲ್ಲಿ ಕಂಡುಬಂದಿತು. ಅವರು ಮುಖ್ಯವಾಗಿ ಬೆರಳು ತೋರಿಸಿದ್ದು ವಾಹನಗಳ ಹೊಗೆ, ಕೆಟ್ಟ ಗಾಳಿಯ ಕಡೆಗೆ. ನಮ್ಮಲ್ಲಿಯೂ ಗಾಳಿ ಶುದ್ಧವೇನಲ್ಲ. ಒಲೆಗೆ ಹತ್ತಿ ಕಟ್ಟಿಗೆ, ಮನೆಯೊಳಗೆ ಬೀಡಿ, ಜಿನ್ನಿಂಗ್ ಕಾರ್ಖಾನೆಯ ದೂಳು, ಔಷಧ ಹೊಡೆದ ಹೊಲದ ವಾಸನೆ, ಮೆಣಸಿನಕಾಯಿ ಘಾಟು ಇವೆಲ್ಲ ಇವೆ. ತೂಕದಿಂದ ಮೊದಲೇ ಒತ್ತಿಹೋದ ಶ್ವಾಸಕೋಶಕ್ಕೆ ಈ ಹೊಗೆ ದೂಳು ಎರಡನೆಯ ಹೊರೆ. ಆದ್ದರಿಂದ ಅಡಿಗೆಯ ಹೊಗೆ ಹೊರಗೆ ಹೋಗುವಂತೆ ಮಾಡುವುದು, ಮನೆಯೊಳಗೆ ಬೀಡಿ ಸೇದದಿರುವುದು, ಔಷಧ ಹೊಡೆಯುವ ದಿನ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯದಿರುವುದು, ಇವೂ ಚಿಕಿತ್ಸೆಯ ಭಾಗವೇ.

ನೂಲಿನಿಂದ ಅಳೆಯುವುದು

ಕಣ್ಣಂದಾಜಿನಿಂದ ತೂಕ ಹೇಳುವುದು ಕಷ್ಟ. ಐದು ವರ್ಷ ದಾಟಿದ ಮಕ್ಕಳಿಗೆ ಒಂದು ಸುಲಭ ಪರೀಕ್ಷೆ ಇದೆ. ಮಗುವನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಹಿಮ್ಮಡಿಯಿಂದ ನೆತ್ತಿಯವರೆಗೆ ನೂಲಿನಿಂದ ಅಳೆಯಿರಿ. ಆ ನೂಲನ್ನು ಎರಡಾಗಿ ಮಡಿಸಿರಿ. ಮಗು ಉಸಿರು ಬಿಟ್ಟಾಗ, ಕೊನೆಯ ಪಕ್ಕೆಗೂ ಸೊಂಟದ ಮೂಳೆಗೂ ನಡುವೆ ಆ ಮಡಿಸಿದ ನೂಲನ್ನು ಸುತ್ತಿರಿ. ತುದಿಗಳು ಸುಲಭವಾಗಿ ಕೂಡಿದರೆ ಒಳ್ಳೆಯದು. ಕೂಡದಿದ್ದರೆ ಸೊಂಟವು ಎತ್ತರದ ಅರ್ಧವನ್ನು ಮೀರಿದೆ ಎಂದು ಅರ್ಥ. ಆಗ ಆಸ್ಪತ್ರೆಯಲ್ಲಿ ತೂಕ, ಎತ್ತರ ನೋಡಿಸಿ, ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ಹೊರತಂದ ಬೆಳವಣಿಗೆಯ ನಕ್ಷೆಯಲ್ಲಿ ಹೋಲಿಸಿ ನೋಡಲು ಹೇಳಿರಿ. ಆರು ವರ್ಷ ದಾಟಿದ ಮಗು ಕೊಳವೆಯಲ್ಲಿ ಜೋರಾಗಿ ಊದಬಲ್ಲುದಾದರೆ ಸ್ಪೈರೋಮೆಟ್ರಿ ಪರೀಕ್ಷೆಯಿಂದ ಉಸಿರಿನ ಅಳತೆಯೂ ಸಿಗುತ್ತದೆ. ಏದುಸಿರು ಅಸ್ತಮಾದಿಂದಲೋ, ರಕ್ತಹೀನತೆಯಿಂದಲೋ, ಬರೀ ಆಟದ ಅಭ್ಯಾಸ ತಪ್ಪಿದ್ದರಿಂದಲೋ ಎಂಬುದನ್ನು ಡಾಕ್ಟರೇ ಹೇಳಬೇಕು.

ಮನೆಯಲ್ಲಿ ಮಾಡಬೇಕಾದುದೇನು?

ಮೊದಲನೆಯದಾಗಿ, ಮಗುವನ್ನು ಉಪವಾಸ ಕೆಡವಬೇಡಿ. ಬೆಳೆಯುವ ಮಗುವಿನ ತೂಕ ಇಳಿಸಲೇಬೇಕೆಂದಿಲ್ಲ. ಬಹಳ ಮಕ್ಕಳಿಗೆ ತೂಕ ಅಲ್ಲಿಗೇ ನಿಂತು ಎತ್ತರ ಬೆಳೆದರೆ ಸಾಕು, ತಾನೇ ಸರಿಹೋಗುತ್ತದೆ. ಎರಡು ವರ್ಷದೊಳಗಿನ ಕೂಸಿಗೆ ಎದೆಹಾಲನ್ನಾಗಲಿ ಮೇಲೂಟವನ್ನಾಗಲಿ ಕಡಿಮೆ ಮಾಡಲೇಬಾರದು.

ಊಟದ ಮಾತು. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಟ್ಟಾಗ ಬಡವರ ಹೊಟ್ಟೆ ತುಂಬಿತು, ಅದು ದೊಡ್ಡ ಉಪಕಾರ. ಆದರೆ ತಟ್ಟೆಯಲ್ಲಿ ಅನ್ನದ ರಾಶಿ ದೊಡ್ಡದಾಗಿ, ಜೋಳದ ರೊಟ್ಟಿ, ನವಣೆ ಹಿಂದೆ ಸರಿದವು. ಅನ್ನವನ್ನು ಸ್ವಲ್ಪ ಕಡಿಮೆ ಮಾಡಿ ಬೇಳೆ, ಸೊಪ್ಪು, ತರಕಾರಿ, ಮೊಟ್ಟೆ, ಮಜ್ಜಿಗೆಗೆ ಜಾಗ ಕೊಡಿ. ರೊಟ್ಟಿ, ನವಣೆ ನಿಧಾನವಾಗಿ ಅರಗುತ್ತವೆ, ಬೇಗ ಹಸಿವಾಗುವುದಿಲ್ಲ. ಹಾಗೆಂದು ಅವನ್ನೂ ಅತಿಯಾಗಿ ತಿಂದರೆ ತೂಕ ಬರುವುದೇ. ಉಗ್ಗಾಣಿ ಬಜ್ಜಿ ನಮ್ಮೂರ ರುಚಿ, ಬಿಡಬೇಕಾಗಿಲ್ಲ. ಬಜ್ಜಿ ವಾರಕ್ಕೊಮ್ಮೆ ಇರಲಿ. 200 ಮಿ.ಲೀ. ಕೂಲ್‌ಡ್ರಿಂಕಿನಲ್ಲಿ ಸುಮಾರು 20 ಗ್ರಾಂ, ಅಂದರೆ ನಾಲ್ಕೈದು ಟೀ ಚಮಚ ಸಕ್ಕರೆ ಇರುತ್ತದೆ. ಅತ್ತ ಮಗುವಿನ ಕೈಗೆ ಐದು ರೂಪಾಯಿ, ಹತ್ತು ರೂಪಾಯಿ ಪೊಟ್ಟಣ ಕೊಡುವ ಬದಲು ಒಂದು ಹಿಡಿ ಬೇಯಿಸಿದ ಶೇಂಗಾ ಅಥವಾ ಪೇರಲಹಣ್ಣು ಕೊಡಿ.

ಆಟದ ಮಾತು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಳೆಗರುವಿಗೆ ಮೊದಲ ದಿನವೇ ನೇಗಿಲು ಕಟ್ಟುತ್ತೇವೆಯೇ? ಹಾಗೆಯೇ ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ ವಾರವಾರಕ್ಕೂ ಹೆಚ್ಚಿಸಿರಿ. ಖೋಖೋ, ಕುಂಟೆಬಿಲ್ಲೆ, ಸೈಕಲ್ಲು ಯಾವುದಾದರೂ ಸರಿ. ಅಸ್ತಮಾ ಇರುವ ಮಗುವೂ ಆಡಬಹುದು, ಆಡಬೇಕು. ಆಟಕ್ಕೆ ಮುಂಚೆ ಇನ್‌ಹೇಲರ್ ಬೇಕೇ ಎಂದು ಡಾಕ್ಟರನ್ನು ಕೇಳಿಕೊಳ್ಳಿ. ರಾತ್ರಿ ಫೋನು ಬೇಗ ಬದಿಗಿಡಿ. ಶಾಲೆಗೆ ಹೋಗುವ ಮಗುವಿಗೆ ಒಂಬತ್ತು ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು.

ಹೀಗೆ ಮಾಡಿ ತೂಕ ಹತೋಟಿಗೆ ಬಂದ ಮಕ್ಕಳಲ್ಲಿ ಉಸಿರಿನ ಅಳತೆ ಸುಧಾರಿಸಿದ್ದನ್ನು, ಉಬ್ಬಸ ತಗ್ಗಿದ್ದನ್ನು ವೈದ್ಯರು ಕಂಡಿದ್ದಾರೆ.

ತಡಮಾಡದೆ ಆಸ್ಪತ್ರೆಗೆ ಯಾವಾಗ?

ಉಸಿರೆಳೆದಾಗ ಪಕ್ಕೆಗಳ ನಡುವೆ ಒಳಕ್ಕೆ ಸೇದಿದರೆ, ಮಗು ಒಂದು ಪೂರ್ತಿ ಮಾತು ಆಡಲಾರದಿದ್ದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿರಿ.

ಕೊನೆಯದಾಗಿ, ದಪ್ಪ ಮಗುವನ್ನು ಹಾಸ್ಯ ಮಾಡಬೇಡಿ. ತಟ್ಟೆಗೆ ಬಡಿಸುವವರು ನಾವು, ಪೊಟ್ಟಣ ಕೊಡಿಸುವವರು ನಾವು, ಆಟ ಬಿಡಿಸಿದವರೂ ನಾವೇ. ಬದಲಾವಣೆ ಮಗುವಿನ ತಟ್ಟೆಯೊಂದರಲ್ಲಿ ಅಲ್ಲ, ಮನೆಯ ಎಲ್ಲರ ತಟ್ಟೆಯಲ್ಲೂ ಆಗಬೇಕು. ಈ ವಾರ ಮಕ್ಕಳು ಮಲಗಿದ ಮೇಲೆ ಅವರ ಉಸಿರನ್ನು ಕೇಳಿರಿ, ಹಗಲಿನಲ್ಲಿ ನೂಲು ಹಿಡಿದು ಅಳೆಯಿರಿ. ಸಂದೇಹ ಬಂದರೆ ಆಶಾ ಕಾರ್ಯಕರ್ತೆಗೋ ಎ.ಎನ್.ಎಂ. ಸಿಸ್ಟರ್‌ಗೋ ತಿಳಿಸಿ, ಹತ್ತಿರದ ಆಸ್ಪತ್ರೆಗೆ ಮಗುವನ್ನು ಕರೆದುಕೊಂಡು ಹೋಗಿರಿ.