ನೀರಿನಡಿಯ ಹಾಕಿ: ಬಿಲ್ಲೆ ದಾಟಿಸುವುದು ಹೇಗೆ?

ನೀರಿನೊಳಗೂ ಹಾಕಿ ಆಡ್ತಾರೆ ಅಂತ ಪಿ.ಟಿ. ಮೇಷ್ಟ್ರು ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಆದರೆ ಅದು ನಿಜ. ಸಮುದ್ರದಲ್ಲಿ ಮುಳುಗು ಹಾಕುವವರಿಗೆ ಚಳಿಗಾಲದಲ್ಲೂ ಅಭ್ಯಾಸವಿರಲಿ ಎಂದು ಇಂಗ್ಲೆಂಡಿನ ಸೌತ್‌ಸೀಯಲ್ಲಿ ಅಲನ್ ಬ್ಲೇಕ್ ಎಂಬವರು 1954ರಲ್ಲಿ ಇದನ್ನು ಶುರು ಮಾಡಿದರು. ಒಂದೊಂದು ತಂಡದಿಂದ 6 ಜನ ಈಜುಕೊಳಕ್ಕೆ ಇಳಿಯುತ್ತಾರೆ. ಚೆಂಡಿಲ್ಲ, ಪ್ಲಾಸ್ಟಿಕ್ ಹೊದಿಸಿದ ಸೀಸದ ಬಿಲ್ಲೆ. ತೂಕ ಸುಮಾರು 1.3 ಕಿಲೋ. ಅದು ಕೊಳದ ತಳದಲ್ಲೇ ಜಾರುತ್ತದೆ. ಕೋಲು ಗೇಣಿಗಿಂತ ಸ್ವಲ್ಪ ಉದ್ದ, ಅಷ್ಟೇ.

ಬಯಲಿನ ಹಾಕಿಯ ಹಾಗೆ ಬೀಸಿ ಹೊಡೆದರೆ ನೀರೇ ಕೋಲನ್ನು ತಡೆಯುತ್ತದೆ. ಬಿಲ್ಲೆಯನ್ನು ಕೋಲಿಗೆ ತಾಗಿಸಿಕೊಂಡು, ಕೈ ಚಾಚುತ್ತಾ ತಳ್ಳಿ, ಕೊನೆಗೆ ಮಣಿಕಟ್ಟನ್ನು ಫಟ್ಟನೆ ತಿರುಗಿಸಬೇಕು. ಪಳಗಿದವರು ಕೊಟ್ಟರೆ ಬಿಲ್ಲೆ ತಳ ಬಿಟ್ಟೆದ್ದು ಎದುರಾಳಿಯ ಕೋಲಿನ ಮೇಲೆ ಹಾರಿಹೋಗುತ್ತದೆ!

ಯಾರಿಗೆ ಕೊಡೋದು? ಕಷ್ಟ ಇರೋದು ಇಲ್ಲೇ. ಬೆನ್ನಿಗೆ ಗಾಳಿಯ ಸಿಲಿಂಡರ್ ಇರಲ್ಲ, ಉಸಿರು ಹಿಡಿದೇ ಆಡಬೇಕು. ಕೂಗಿ ಕರೆಯೋಕೂ ಆಗಲ್ಲ. ಉಸಿರಿಗಾಗಿ ಮೇಲೆ ಹೊರಟವನಿಗೆ ಕೊಟ್ಟರೆ ಬಿಲ್ಲೆ ಹೋದಂತೆಯೇ. ಆಗತಾನೇ ಕೆಳಗಿಳಿದವನಿಗೆ ಕೊಡಬೇಕು, ಅದೂ ನಮ್ಮ ಉಸಿರು ಮುಗಿಯುವ ಮೊದಲೇ. ಮೇಲಿರುವವರು ಮುಖ ನೀರಲ್ಲೇ ಇಟ್ಟು ಸ್ನಾರ್ಕೆಲ್ ಕೊಳವೆಯಲ್ಲಿ ಉಸಿರಾಡುತ್ತಾ ಕೆಳಗಿನ ಆಟ ನೋಡುತ್ತಿರುತ್ತಾರೆ. ಹೊತ್ತು ನೋಡಿ ಇಳಿಯುತ್ತಾರೆ.

ಹೋದ ಬೇಸಿಗೇಲಿ ನಾನು ಬಾಜಿ ಕಟ್ಟಿ ಬಾವೀಲಿ ಮುಳುಗಿದ್ದೆ. ಇನ್ನೊಂಚೂರು, ಇನ್ನೊಂಚೂರು ಅಂತ ಉಸಿರು ಹಿಡಿದು ಕಣ್ಣಿಗೆ ಕತ್ತಲೆ ಕವಿಯಿತು. ಮಾವ ಕೂದಲು ಹಿಡಿದು ಎಳೆದುಕೊಂಡರು. ನನ್ನಂಥವನು ಆ ತಂಡದಲ್ಲಿದ್ದರೆ ಬಿಲ್ಲೆ ಯಾರಿಗೂ ಸಿಗುತ್ತಿರಲಿಲ್ಲ.