ಚಿನ್ನದ ಕೈಗಡಿಯಾರವೂ ಪರಿಗ್ರಹ ಪರಿಮಾಣವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವು ಐದನೆಯದು. ಭೂಮಿ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದವುಗಳಿಗೆ ತಾನೇ ಮಿತಿ ಹಾಕಿಕೊಂಡು ಅದನ್ನು ಮೀರದಿರುವುದೇ ಈ ವ್ರತ. ಸರ, ಬಳೆಗಳನ್ನು ಎಲ್ಲರೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಹಳೆಯ ಸ್ವಿಸ್ ಚಿನ್ನದ ಕೈಗಡಿಯಾರವು ಉಪಕರಣವೆಂಬ ಹೆಸರಿನಿಂದ ಲೆಕ್ಕ ತಪ್ಪಿಸಿಕೊಳ್ಳುತ್ತದೆ.

ವ್ರತಿಗೆ ಕಾಲದ ಅರಿವು ಅಗತ್ಯವೇ ಸರಿ. ಸಾಮಾಯಿಕದ ಎರಡು ಘಳಿಗೆಯೆಂದರೆ 48 ನಿಮಿಷ. ರಾತ್ರಿಭೋಜನ ತ್ಯಾಗಿಗೆ ಸೂರ್ಯಾಸ್ತದ ವೇಳೆ ತಿಳಿದಿರಬೇಕು. ಇದಕ್ಕೆ ಒಂದು ಗಡಿಯಾರ ಸಾಕು. ತುಮಕೂರಿನಲ್ಲಿ 1978ರಲ್ಲಿ ಸ್ಥಾಪನೆಗೊಂಡ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯು 2016ರಲ್ಲಿ ಮುಚ್ಚಿತಾದರೂ, ಆ ಸಂಸ್ಥೆಯ 'ಜನತಾ' ಗಡಿಯಾರವನ್ನು ಗುಬ್ಬಿ, ಕುಣಿಗಲ್ ಕಡೆಯ ಹಿರಿಯರು ಮರೆತಿಲ್ಲ. ಚಿನ್ನದ ಹೊದಿಕೆಯಿಂದ ಕಾಲಜ್ಞಾನವೇನೂ ಹೆಚ್ಚುವುದಿಲ್ಲ. ಹೆಚ್ಚುವುದು ಪರಿಗ್ರಹ ಮಾತ್ರ.

ಲೆಕ್ಕ ಹಾಕುವ ಕ್ರಮ ಹೀಗೆ. ಗಡಿಯಾರದ ಯಂತ್ರವು ಚಿನ್ನದ್ದಲ್ಲ. ಹೊರಗಿನ ಕೇಸು ಮಾತ್ರ ಚಿನ್ನದ್ದು. 1995ಕ್ಕೆ ಮುಂಚಿನ ಸ್ವಿಸ್ ಕೇಸುಗಳ ಒಳಮೈಯಲ್ಲಿ 18 ಕ್ಯಾರೆಟ್‌ಗೆ ಹೆಲ್ವೇಷಿಯಾ ಎಂಬ ಸ್ತ್ರೀಮುಖದ ಮುದ್ರೆ, 14 ಕ್ಯಾರೆಟ್‌ಗೆ ಅಳಿಲಿನ ಮುದ್ರೆ ಇರುವುದುಂಟು. 18 ಕ್ಯಾರೆಟ್‌ನಲ್ಲಿ ಸಾವಿರಕ್ಕೆ 750 ಭಾಗ, 14 ಕ್ಯಾರೆಟ್‌ನಲ್ಲಿ 585 ಭಾಗ ಶುದ್ಧ ಚಿನ್ನ. ಬರಿಯ ಚಿನ್ನದ ಲೇಪವಾದರೆ ತೂಕಕ್ಕೆ ಬರುವುದು ಅತ್ಯಲ್ಪ. '17 ಜ್ಯುವೆಲ್' ಎಂದು ಬರೆದಿದ್ದರೆ ಅವು ಸವೆತ ತಡೆಯಲು ಕೂರಿಸಿದ ಕೃತಕ ಮಾಣಿಕ್ಯಗಳು, ರತ್ನವೆಂದು ಎಣಿಸಬೇಕಾಗಿಲ್ಲ. ಪಟ್ಟಿಯು ಚರ್ಮದ್ದಾಗಿದ್ದರೆ ಅಹಿಂಸೆಯ ದೃಷ್ಟಿಯಿಂದ ಅದನ್ನು ಮೊದಲೇ ತೆಗೆದುಬಿಡಬೇಕು.

ಒಂದು ಉದಾಹರಣೆ. ಗುಬ್ಬಿಯ ಶ್ರಾವಕನೊಬ್ಬನು ಶುದ್ಧ ಚಿನ್ನಕ್ಕೆ 100 ಗ್ರಾಂ ಮಿತಿ ಹಾಕಿಕೊಂಡಿದ್ದಾನೆ. ಮನೆಯಲ್ಲಿ 80 ಗ್ರಾಂ ಇದೆ ಎಂದು ಭಾವಿಸೋಣ. ಅವನು 18 ಕ್ಯಾರೆಟ್‌ನ ಮೂರು ಗಡಿಯಾರಗಳನ್ನು ಕೊಳ್ಳುತ್ತಾನೆ. ಕೇಸುಗಳ ತೂಕ ತಲಾ 12 ಗ್ರಾಂ. ಒಟ್ಟು 36 ಗ್ರಾಂ. ಅದರಲ್ಲಿ ಶುದ್ಧ ಚಿನ್ನ 27 ಗ್ರಾಂ. ಎಲ್ಲ ಸೇರಿ 107 ಗ್ರಾಂ ಆಯಿತು. ವ್ರತವು 7 ಗ್ರಾಂ ಮೀರಿತು. ಅರಿಯದೆ ಆದುದು ಅತಿಚಾರ. ಆಲೋಚನೆ ಮಾಡಿ, ಹೆಚ್ಚಾದುದನ್ನು ದಾನವಾಗಿ ಕೊಟ್ಟು ಸರಿಪಡಿಸಬಹುದು. ಅರಿತ ಮೇಲೂ "ಇದು ಗಡಿಯಾರವಷ್ಟೇ" ಎಂದು ಉಳಿಸಿಕೊಂಡರೆ, ಅಥವಾ ಹೆಂಡತಿಯ ಹೆಸರಿಗೆ ಬರೆದು ತಾನೇ ಅನುಭವಿಸಿದರೆ, ಅದು ವ್ರತಭಂಗವೇ.

ತೂಕದ ಲೆಕ್ಕ ಸರಿಯಾದ ಮಾತ್ರಕ್ಕೆ ವ್ರತ ಪೂರ್ಣವಾಗದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಮೂರ್ಛೆಯನ್ನೇ, ಎಂದರೆ ಮಮತೆಯನ್ನೇ, ಪರಿಗ್ರಹವೆಂದು ನಿರೂಪಿಸಿದ್ದಾರೆ. ಸಂಗ್ರಾಹಕನಿಗೆ ಒಮೆಗಾ ದೊರೆತರೆ ಲಾಂಜೀನ್ಸ್ ಬೇಕು. ಅದು ದೊರೆತರೆ ಅದಕ್ಕಿಂತ ಹಳೆಯದು ಬೇಕು. ಕಾಲವನ್ನು ಅಳೆಯುವ ಸಾಧನವೇ ಅವನ ಕಾಲವನ್ನು ತಿನ್ನತೊಡಗುತ್ತದೆ.

ಕಠಿಣವಾದ ಪ್ರಶ್ನೆ ಇನ್ನೊಂದುಂಟು: ತಂದೆ ಬಿಟ್ಟುಹೋದ ಗಡಿಯಾರ. ಅದನ್ನು ಮಾರಬೇಕೆಂದು ಯಾರೂ ವಿಧಿಸುವುದಿಲ್ಲ. ಆದರೆ ನೆನಪಿನ ವಸ್ತುವೆಂಬ ಕಾರಣಕ್ಕೆ ಅದರ ತೂಕ ಇಲ್ಲವಾಗುವುದಿಲ್ಲ. ಮಗನು ಅದನ್ನು ಇಟ್ಟುಕೊಂಡು, ಮಿತಿ ಮೀರಿದರೆ ತನ್ನದೊಂದು ಉಂಗುರವನ್ನು ಬಿಡಲಿ. ಆಗ ತಂದೆಯ ನೆನಪೂ ಉಳಿಯಿತು, ವ್ರತವೂ ಉಳಿಯಿತು.

ತುಮಕೂರಿನ ಸಮೀಪದ ಮಂದರಗಿರಿಯಲ್ಲಿ ಪಿಂಛಿಯ ಆಕಾರದ ಗುರುಮಂದಿರವಿದೆ. ಪಿಂಛಿ ಕಮಂಡಲುಗಳನ್ನಷ್ಟೇ ಹಿಡಿದ ಮುನಿಗಳು ಗಡಿಯಾರವಿಲ್ಲದೆಯೇ ಸಾಮಾಯಿಕದ ವೇಳೆ ತಪ್ಪಿಸುವುದಿಲ್ಲ. ಗೃಹಸ್ಥನು ಅಷ್ಟನ್ನು ಬಿಡಲಾರ; ಆದರೆ ಹಿಡಿದುದನ್ನು ಎಣಿಸಬಲ್ಲ.

ಸ್ವಾಧ್ಯಾಯದ ಪ್ರಶ್ನೆಗಳು
1. 14 ಕ್ಯಾರೆಟ್‌ನ 20 ಗ್ರಾಂ ಕೇಸಿನಲ್ಲಿ ಶುದ್ಧ ಚಿನ್ನವೆಷ್ಟು?
2. ಅತಿಚಾರಕ್ಕೂ ವ್ರತಭಂಗಕ್ಕೂ ಇರುವ ಭೇದವೇನು?
3. ಮನೆಯ ಯಾವ ಯಾವ ವಸ್ತುಗಳು ಬೇರೆ ಹೆಸರಿನಿಂದ ಪರಿಮಾಣದ ಲೆಕ್ಕ ತಪ್ಪಿಸಿಕೊಂಡಿವೆ?