ಕೊಳವೆಯಲ್ಲಿ ಇಳಿಯುವ ನೀರು ಏಕೆ ಸದ್ದು ಮಾಡುತ್ತದೆ?

ಹಗಲಿನಲ್ಲಿ ನಮ್ಮ ಬಸವೇಶ್ವರನಗರದ ಬೀದಿಯ ಬಸ್ಸು, ಆಟೋರಿಕ್ಷಾ, ತರಕಾರಿ ಗಾಡಿಯವರ ಕೂಗು ಇವುಗಳ ನಡುವೆ ಮನೆಯೊಳಗಿನ ಸಣ್ಣ ಸದ್ದುಗಳು ಕೇಳಿಸುವುದೇ ಇಲ್ಲ. ರಾತ್ರಿ ಹನ್ನೊಂದರ ಮೇಲೆ ಅವುಗಳದೇ ರಾಜ್ಯ. ಕೆಲವು ವರ್ಷಗಳ ಹಿಂದೆ ನಾವು ನಡುಮನೆಯಲ್ಲಿ ಉಪ್ಪುನೀರಿನ ಮೀನುತೊಟ್ಟಿಯೊಂದನ್ನು ಇಟ್ಟೆವು. ಮಂಗಳೂರಿನ ಕಡಲಿಗೆ ಇಲ್ಲಿಂದ ಸುಮಾರು 350 ಕಿಲೋಮೀಟರು ರಸ್ತೆ. ಆದಕಾರಣ ಶುದ್ಧೀಕರಿಸಿದ ನೀರಿನ ಪ್ರತಿ ಲೀಟರಿಗೆ ಸುಮಾರು 35 ಗ್ರಾಂ ಲವಣಮಿಶ್ರಣವನ್ನು ಕರಗಿಸಿ ಕಡಲನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳಬೇಕು. (ಅಡುಗೆಯ ಉಪ್ಪು ಇದಕ್ಕೆ ಸಲ್ಲದು.) ಮೇಲಿನ ಗಾಜಿನ ತೊಟ್ಟಿಯಿಂದ ನೀರು ಒಂದು ಕೊಳವೆಯ ಮೂಲಕ ಕೆಳಗಿನ ಪೆಟ್ಟಿಗೆಯೊಳಗಿರುವ ಸಂಪಿಗೆ ಇಳಿಯುತ್ತದೆ, ಅಲ್ಲಿ ಸೋಸಲ್ಪಟ್ಟು, ಪಂಪಿನ ಬಲದಿಂದ ಮತ್ತೆ ಮೇಲೇರುತ್ತದೆ. ವ್ಯವಸ್ಥೆ ಸರಳವೇ. ಆದರೆ ಮೊದಲ ರಾತ್ರಿ ಕಳೆದ ಮೇಲೆ ನಮ್ಮ ತಾಯಿಯವರು, “ಏನಪ್ಪ ಇದು, ರಾತ್ರಿಯೆಲ್ಲ ಯಾರೋ ಬಾಯಿ ಮುಕ್ಕಳಿಸ್ತಾನೇ ಇರ್ತಾರಲ್ಲ?” ಎಂದರು.

ವಯಸ್ಸಾದವರ ನಿದ್ರೆ ಕೆಡುವುದೆಂದು ಮರುದಿನ ರಾತ್ರಿ ಪಂಪನ್ನೇ ನಿಲ್ಲಿಸಿದೆವು. ಬೆಳಗ್ಗೆ ಎರಡು ಮೀನುಗಳು ಸತ್ತು ತೇಲುತ್ತಿದ್ದುವು. ಭೌತಶಾಸ್ತ್ರವನ್ನು ಪಾಠ ಹೇಳುವವರಿಗೆ ಈ ತಪ್ಪು ಶೋಭಿಸತಕ್ಕದ್ದಲ್ಲ. ಕಡಲ ಮಟ್ಟದಲ್ಲಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಕಡಲನೀರು 7ಕ್ಕಿಂತ ಕಡಿಮೆ. ಬೆಂಗಳೂರು ಸುಮಾರು 920 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿಯ ವಾಯುಭಾರ ಹತ್ತರಲ್ಲೊಂದು ಪಾಲು ಕಡಿಮೆ. ಆಮ್ಲಜನಕವೂ ಅಷ್ಟೇ ಕಡಿಮೆಯಾಗಿ ಸುಮಾರು 6 ಮಿಲಿಗ್ರಾಮಿಗೆ ನಿಲ್ಲುತ್ತದೆ. ರಾತ್ರಿ ಪಾಚಿಯೂ ಆಮ್ಲಜನಕವನ್ನು ಕೊಡದೆ ತಾನೇ ಬಳಸಿಕೊಳ್ಳುತ್ತದೆ. ನೀರು ಕದಲದಿದ್ದರೆ ಹೊಸ ಗಾಳಿ ಬೆರೆಯುವ ಬಗೆ ಹೇಗೆ? ಆದ್ದರಿಂದ ಪಂಪು ನಿಲ್ಲಕೂಡದು, ಸದ್ದು ಮಾತ್ರ ನಿಲ್ಲಬೇಕು.

ಸದ್ದು ಎಲ್ಲಿಂದ ಹುಟ್ಟುತ್ತದೆ? ನೀರು ಕೊಳವೆಯನ್ನು ಉಜ್ಜುವುದರಿಂದ ಎಂದು ಅನೇಕರು ಹೇಳಿಯಾರು. ತುಂಬಿ ಹರಿಯುವ ಕೊಳವೆಗೆ ಕಿವಿಯಿಟ್ಟು ನೋಡಿ. ಅದು ಬಹುಮಟ್ಟಿಗೆ ಮೌನಿ. ಮಾತಾಡುವುದು ನೀರಿನಲ್ಲಿ ಸಿಕ್ಕಿಕೊಂಡ ಗಾಳಿ. ಡಚ್ ಖಗೋಳವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿ ಇದನ್ನು ಗಣಿತದಿಂದ ತೋರಿಸಿಕೊಟ್ಟನು. ನೀರಿನೊಳಗೆ ಹುಟ್ಟಿದ ಗುಳ್ಳೆಯಲ್ಲಿರುವ ಗಾಳಿಯು ಒಂದು ಸ್ಪ್ರಿಂಗಿನಂತೆ. ಸುತ್ತಲಿನ ನೀರು ಅದಕ್ಕೆ ಕಟ್ಟಿದ ಭಾರದಂತೆ. ಗುಳ್ಳೆಯು ಹಿಗ್ಗುತ್ತ ಕುಗ್ಗುತ್ತ ಕಂಪಿಸಿ ಸ್ವರವನ್ನು ಹೊರಡಿಸುತ್ತದೆ. ಗುಳ್ಳೆ ದೊಡ್ಡದಾದಷ್ಟೂ ಸ್ವರ ತಗ್ಗು. ನಮ್ಮ ಊರಿನ ವಾಯುಭಾರ, ಉಪ್ಪುನೀರಿನ ಸಾಂದ್ರತೆ ಇವನ್ನು ಹಾಕಿ ಲೆಕ್ಕಮಾಡಿದರೆ, 1 ಮಿಲಿಮೀಟರು ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,070 ಸಲ, 5 ಮಿಲಿಮೀಟರಿನದು ಸುಮಾರು 610 ಸಲ ಕಂಪಿಸುವುದೆಂದು ತಿಳಿಯುತ್ತದೆ. ಅದೇ ಗುಳ್ಳೆ ಮಂಗಳೂರಿನಲ್ಲಿ ಶೇಕಡ 5ರಷ್ಟು ಏರಿದ ಸ್ವರದಲ್ಲಿ ಹಾಡೀತು! ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದರೊಡನೊಂದು ಸುಲಭವಾಗಿ ಕೂಡಿಕೊಳ್ಳುವುದಿಲ್ಲ. ಸಣ್ಣವಾಗಿಯೇ ಉಳಿದು, ಸಿಹಿನೀರಿಗಿಂತ ಹೆಚ್ಚು ನೊರೆಯೆಬ್ಬಿಸುತ್ತವೆ.

ಇನ್ನು ‘ಮುಕ್ಕಳಿಸುವ’ ಸದ್ದಿನ ಗುಟ್ಟು. ನಮ್ಮ ಕೊಳವೆಯ ಒಳವ್ಯಾಸ 25 ಮಿಲಿಮೀಟರು, ನೀರಿಳಿಯುವ ಎತ್ತರ 80 ಸೆಂಟಿಮೀಟರು. ಕೊಳವೆ ಪೂರ್ತಿ ತುಂಬಿದರೆ ಅದು ಸೈಫನ್ನಿನಂತೆ ನೀರನ್ನು ಎಳೆಯುತ್ತದೆ. ಘರ್ಷಣೆಯಿಲ್ಲವೆಂದು ಭಾವಿಸಿದರೆ ವೇಗ ಸೆಕೆಂಡಿಗೆ ಸುಮಾರು 4 ಮೀಟರು, ಎಂದರೆ ಗಂಟೆಗೆ ಸುಮಾರು 7,000 ಲೀಟರು. ಘರ್ಷಣೆಗೂ ಎಲ್ಬೋಗಳಿಗೂ ಅರ್ಧ ಕಳೆದರೂ 3,500 ಲೀಟರು ಉಳಿಯಿತು. ಪಂಪು ಕೊಡುವುದೋ 1,500. ವರವಿಗಿಂತ ವೆಚ್ಚ ಹೆಚ್ಚು! ನೀರಿನ ಮಟ್ಟ ಇಳಿದು, ಕೊಳವೆಯ ಬಾಯಿ ತೆರೆದು, ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ. ಮತ್ತೆ ಮಟ್ಟ ಏರಿ ಬಾಯಿ ಮುಚ್ಚಿ ಸೈಫನ್ ಹಿಡಿಯುತ್ತದೆ. ಈ ಆಟವೇ ರಾತ್ರಿಯೆಲ್ಲ ನಡೆಯುತ್ತಿತ್ತು.

ಪರಿಹಾರ ಇದರಲ್ಲಿಯೇ ಅಡಗಿದೆ. ಸಂಪಿನ ಹತ್ತಿರ, ಕೊಳವೆಯ ಕೆಳಭಾಗದಲ್ಲಿ ಒಂದು ಗೇಟ್ ವಾಲ್ವನ್ನು ಕೂಡಿಸಿ, ಇಳಿಯುವ ನೀರು ಪಂಪಿನ ನೀರಿಗೆ ಸಮನಾಗುವವರೆಗೆ ತಿರುಪನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಕೊಳವೆ ಸದಾ ತುಂಬಿರುತ್ತದೆ; ಗಾಳಿಗೆ ಎಡೆಯಿಲ್ಲ, ಸದ್ದಿಗೆ ಕಾರಣವಿಲ್ಲ. ಆದರೆ ಯಾವ ವಾಲ್ವೂ ಲೆಕ್ಕವನ್ನು ತೊಟ್ಟಿನಷ್ಟೂ ತಪ್ಪದೆ ಸರಿದೂಗಿಸಲಾರದು. ಆದ್ದರಿಂದ ವಾಲ್ವಿಲ್ಲದ ಎರಡನೆಯ ಕೊಳವೆಯೊಂದು, ಬಾಯಿ ಸ್ವಲ್ಪ ಎತ್ತರದಲ್ಲಿರುವಂತೆ, ಇರಲೇಬೇಕು. ಉಳಿದ ಸಣ್ಣ ಎಳೆಯಷ್ಟು ನೀರು ಅದರ ಗೋಡೆಗಂಟಿ ಸದ್ದಿಲ್ಲದೆ ಇಳಿಯುತ್ತದೆ. ಬಸವನಹುಳುವೋ ಪಾಚಿಯೋ ಮೊದಲ ಕೊಳವೆಯನ್ನು ಮುಚ್ಚಿದ ದಿನ ನಡುಮನೆಯ ನೆಲವನ್ನು ಉಳಿಸುವುದೂ ಅದೇ; ಇದಿಲ್ಲದೆ ವಾಲ್ವನ್ನು ಬಿಗಿಯುವುದು ಅವಿವೇಕ.

ಕೊಳವೆಗಳ ಕೆಳತುದಿ ಸಂಪಿನ ನೀರಿನಲ್ಲಿ ಎರಡು ಮೂರು ಸೆಂಟಿಮೀಟರು ಮಾತ್ರ ಮುಳುಗಿರಲಿ. ಮುಳುಗದಿದ್ದರೆ ಬೀಳುವ ನೀರು ಗುಳ್ಳೆಯೆಬ್ಬಿಸುತ್ತದೆ. ಆಳಕ್ಕಿಳಿದರೆ ಒಳಗಿನ ಗಾಳಿ ಹೊರಬರಲಾರದೆ ಸೈಫನ್ ಹಿಡಿಯುವುದೇ ತಡ.

ಇಷ್ಟಾದ ಮೇಲೂ ಒಂದು ಗುಂಯ್‌ಗುಡುವ ಸದ್ದು ಉಳಿಯಿತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಪ್ರತಿ ಆವರ್ತದಲ್ಲಿ ಎರಡು ಸಲ ಕಾಂತಬಲ ಹೆಚ್ಚುವುದರಿಂದ ಪಂಪು 100 ಸಲ ಅದುರುತ್ತದೆ. ತಂಬೂರಿಯ ಬುರುಡೆ ತಂತಿಗೆ ಮಾಡುವ ಉಪಕಾರವನ್ನು ಮರದ ಪೆಟ್ಟಿಗೆ ಪಂಪಿಗೆ ಮಾಡುತ್ತದೆ. ಪಂಪಿನ ಕೆಳಗೆ ಸ್ಪಂಜನ್ನು ಹಾಸಿ, ಗಟ್ಟಿ ಕೊಳವೆಯ ಒಂದು ಗೇಣನ್ನು ತೆಗೆದು ಮೆತ್ತನೆಯ ರಬ್ಬರು ಕೊಳವೆಯನ್ನು ಸೇರಿಸಿದೆವು. ಅಂದಿನಿಂದ ತಾಯಿಯವರ ದೂರು ಗೋಡೆಗಡಿಯಾರದ ಮೇಲೆ ತಿರುಗಿದೆ.

ಎಲ್ಲ ಮುಗಿದ ಮೇಲೆ ಪಂಪಿನ ಪ್ಲಗ್ಗನ್ನು ಒಮ್ಮೆ ಕಿತ್ತು ನೋಡಿ. ನಮ್ಮ ಬಡಾವಣೆಗಳಲ್ಲಿ ಕರೆಂಟು ಹೇಳಿಕೇಳಿ ಹೋಗುವುದಿಲ್ಲ. ಆಗ ಮೇಲಿನ ನೀರು ಕೊಳವೆಯ ಬಾಯಿಯ ಮಟ್ಟದವರೆಗೆ ಕೆಳಗಿಳಿಯುತ್ತದೆ. ಪಂಪಿನ ಕೊಳವೆಯೂ ಹಿಮ್ಮುಖ ಸೈಫನ್ನಾದೀತು. ಅದನ್ನು ತಡೆಯಲು ಆ ಕೊಳವೆಗೆ ನೀರಿನ ಮೇಲ್ಮೈಗೆ ತುಸು ಕೆಳಗೆ ಒಂದು ಸಣ್ಣ ರಂಧ್ರವನ್ನು ಕೊರೆಯತಕ್ಕದ್ದು. ಮಟ್ಟ ಇಳಿದೊಡನೆ ಗಾಳಿ ಅದರೊಳಗೆ ಹೊಕ್ಕು ಸೈಫನ್ನನ್ನು ಮುರಿಯುತ್ತದೆ. ಸಂಪಿನಲ್ಲಿ ಅಷ್ಟು ನೀರಿಗೂ ಸ್ಥಳವಿದ್ದರೆ ನಿಶ್ಚಿಂತೆಯಿಂದ ಮಲಗಬಹುದು.